ಹೊಲಮನೆಗೆ ಬರುವ ನಾಯಿಮರಿಯೂ ಅದರ ಛಾಯಾಚಿತ್ರವೂ

ಬಿತ್ತನೆಯ ಬೀಜ, ತಿಪ್ಪೆಗೊಬ್ಬರ, ಹತ್ತಿಯ ಕಾಯಿಕೊರಕ, ಭತ್ತದ ಮಡಿಯ ನೀರು, ಇಂಥ ವಿಷಯಗಳನ್ನು ಈ ಪುಟಗಳಲ್ಲಿ ಓದಿ ರೂಢಿಯಾದ ಗೌಡರಿಗೂ ಭೂಮಾಲೀಕರಿಗೂ, ವ್ಯವಸಾಯ ಇಲಾಖೆಯ ಇನ್‌ಸ್ಪೆಕ್ಟರನೊಬ್ಬನು ನಾಯಿಮರಿಯನ್ನು ಕುರಿತು, ಅದರಲ್ಲಿಯೂ ಅದರ ಫೋಟೋ ತೆಗೆಯುವುದನ್ನು ಕುರಿತು ಬರೆಯಲು ಹೊರಟುದು ವಿನೋದವಾಗಿ ಕಾಣಬಹುದು. ನಗುವವರು ನಗಲಿ, ಆದರೆ ಒಂದು ಮಾತನ್ನು ಆಲೋಚಿಸಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇನೆ. ನಾವು ಎತ್ತನ್ನು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ಗೊರಸು ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಮನೆಗೆ ತಂದಾಗ ಕಾಲಿಗೆ ನೀರೆರೆದು, ಹಣೆಗೆ ಕುಂಕುಮವಿಟ್ಟು ಒಳಗೆ ಕರೆದುಕೊಳ್ಳುತ್ತೇವೆ. ಅದೇ ಹೊಲಮನೆಯನ್ನು ಹತ್ತು ವರ್ಷ ರಾತ್ರಿಯೆಲ್ಲ ಎಚ್ಚತ್ತಿದ್ದು ಕಾಯಬೇಕಾದ ಪ್ರಾಣಿಯನ್ನಾದರೋ, ಕಣ್ಣು ಬಿಟ್ಟು ಹತ್ತು ದಿನವಾಗುವುದರೊಳಗೆ ತಾಯಿಯ ಮಗ್ಗುಲಿನಿಂದ ಕಿತ್ತು, ಗೊಬ್ಬರದ ಖಾಲಿ ಚೀಲದಲ್ಲಿ ಹಾಕಿ ತಂದು, ದನದ ಕೊಟ್ಟಿಗೆಯ ಗೂಟಕ್ಕೆ ಬಿಗಿದುಬಿಡುತ್ತೇವೆ. ಈ ಪದ್ಧತಿಯು ಬದಲಾಗಬೇಕು, ಮತ್ತು ಅದನ್ನು ಬದಲಾಯಿಸುವ ಕೆಲಸವು ಊರಿನ ಹಿರಿಯರಿಂದಲೇ ಮೊದಲಾಗಬೇಕು ಎಂಬುದೇ ಈ ಲೇಖನದ ಅಭಿಪ್ರಾಯವಾಗಿದೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರರ ಸುತ್ತಿನಲ್ಲಿರುವ ವಳಕಮದಿನ್ನಿಯಂಥ ಊರುಗಳಲ್ಲಿ ನಾಯಿಯು ಬರಿಯ ಬಾಗಿಲಿನ ಅಲಂಕಾರವಲ್ಲ. ಈ ಸೀಮೆಯು ಕೆಂಗುರಿ ತಳಿಯ ಕುರಿಗಳ ತವರು. ಕೆಂಪು ಕಂದುಬಣ್ಣದ ಆ ಕುರಿಗಳ ಹಿಂಡುಗಳನ್ನು ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ನಿಲ್ಲಿಸಿ ಹಿಕ್ಕೆಗೊಬ್ಬರವನ್ನು ಪಡೆಯುವುದು ನಮ್ಮ ಭೂಮಾಲೀಕರಿಗೆಲ್ಲ ತಿಳಿದ ಲಾಭದ ಸಂಗತಿಯೇ. ಹಿಂಡು ಬಂದಲ್ಲಿಗೆ ನಾಯಿಯೂ ಬರುತ್ತದೆ. ತೋಳ ನರಿಗಳಿಂದ ಮರಿಗಳನ್ನೂ, ಕಾಡುಹಂದಿಯಿಂದ ಶೇಂಗಾವನ್ನೂ, ಕಳ್ಳರಿಂದ ಕಣದ ರಾಶಿಯನ್ನೂ ಕಾಯುವುದು ಆ ನಾಯಿಯೇ. ಹಾಲುಮತದವರು ಮೈಲಾರಲಿಂಗನ ಸೇವೆಯಲ್ಲಿ ನಾಯಿಗೆ ಕೊಟ್ಟಿರುವ ಗೌರವವನ್ನು ತಾವೆಲ್ಲರೂ ಕಂಡಿರುವಿರಿ. ವಗ್ಗಯ್ಯಗಳು ಜಾತ್ರೆಯಲ್ಲಿ ನಾಯಿಯಂತೆ ಬೊಗಳಿ ಸೇವೆ ಸಲ್ಲಿಸುವಾಗ ಕೈಮುಗಿದು ನಿಲ್ಲುವ ನಾವು, ಮನೆಯ ಕುನ್ನಿಯು ಗೂಟದಲ್ಲಿ ಒರಲುವಾಗ ಕಲ್ಲೆಸೆಯುವುದು ವಿಚಿತ್ರವೇ ಸರಿ.

ಮರಿಯನ್ನು ತರುವ ವಯಸ್ಸಿನ ಮಾತನ್ನು ಮೊದಲು ಹೇಳಬೇಕು. ಎಂಟು ವಾರ ತುಂಬುವವರೆಗೆ ಅದು ತಾಯಿಯ ಬಳಿಯಲ್ಲಿಯೇ ಇರತಕ್ಕದ್ದು. ಎಂಟು ವಾರಕ್ಕಿಂತ ಚಿಕ್ಕ ಮರಿಗಳನ್ನು ಮಾರಕೂಡದೆಂದು ಕೇಂದ್ರ ಸರಕಾರವು 2017ರಲ್ಲಿ ಹೊರಡಿಸಿದ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳಲ್ಲಿಯೂ ಹೇಳಲಾಗಿದೆ. ಇದು ಕಾಯಿದೆಯ ಹಠವೆಂದು ತಿಳಿಯಬಾರದು. ಬೇಗ ಬಿಡಿಸಿದ ಮರಿಗೆ ತಾಯಿಯ ಹಾಲಿನ ಬಲವಿರುವುದಿಲ್ಲ. ಅಲ್ಲದೆ, ಎಷ್ಟು ಗಟ್ಟಿಯಾಗಿ ಕಚ್ಚಿದರೆ ನೋವಾಗುತ್ತದೆ ಎಂಬ ಪಾಠವನ್ನು ಮರಿಯು ಕಲಿಯುವುದು ಒಡಹುಟ್ಟಿದ ಮರಿಗಳೊಡನೆ ಆಡುವಾಗಲೇ. ಆ ಪಾಠವನ್ನು ಕಲಿಯದೆ ಬಂದ ಮರಿಯು ಮುಂದೆ ಮನೆಯ ಹುಡುಗರ ಕೈಯ ಮೇಲೆ ಅದನ್ನು ಕಲಿಯಲು ತೊಡಗುತ್ತದೆ.

ಮುಧೋಳದ ಬೇಟೆನಾಯಿಯ ಮರಿಯನ್ನು ಹಣ ಕೊಟ್ಟು ತರುವವರು ಇತ್ತೀಚೆಗೆ ಹೆಚ್ಚಿದ್ದಾರೆ. ಘೋರ್ಪಡೆ ಅರಸರ ಆಶ್ರಯದಲ್ಲಿ ಬೆಳೆದ ಈ ತಳಿಯ ಕೀರ್ತಿಯು ದೊಡ್ಡದು. 2005ರಲ್ಲಿ ಅಂಚೆ ಇಲಾಖೆಯು ಅದರ ಚಿತ್ರವಿರುವ ಅಂಚೆಚೀಟಿಯನ್ನೇ ಹೊರಡಿಸಿತು. ಬೀದರಿನ ಪಶು ವಿಶ್ವವಿದ್ಯಾಲಯದವರು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವನ್ನು ನಡೆಯಿಸುತ್ತಿದ್ದಾರೆ. ಕೊಳ್ಳುವವರು ಅಂಥಲ್ಲಿ ವಿಚಾರಿಸಿ ಕೊಳ್ಳುವುದು ಮೇಲು. ಫೋನಿನಲ್ಲಿ ಬಂದ ಒಂದು ಚಂದದ ಚಿತ್ರವನ್ನು ನೋಡಿ ಹಣ ಕಳುಹಿಸುವುದು ಕೂಡದು. ಚಿತ್ರ ಒಂದು ಮರಿಯದು, ಚೀಲದಲ್ಲಿ ಬರುವುದು ಇನ್ನೊಂದು. ತಾಯಿ ತಂದೆಗಳನ್ನು ಕಣ್ಣಾರೆ ಕಂಡು, ಮರಿಯನ್ನು ಕೈಯಲ್ಲಿ ಹಿಡಿದು ನೋಡಿ ತರತಕ್ಕದ್ದು. ಆದರೆ ಒಂದು ಮಾತು: ಮುಧೋಳದ ನಾಯಿಯು ಓಡಲು ಹುಟ್ಟಿದ್ದು. ಅಂಗಳದಲ್ಲಿ ಸರಪಳಿ ಹಾಕಿ ಬಂದವರಿಗೆ ತೋರಿಸುವುದಕ್ಕಾಗಿಯೇ ಅದನ್ನು ತರುವವರಿಗೆ ಊರಿನ ಸಾಮಾನ್ಯ ಕುನ್ನಿಯೇ ಸಾಕು ಎಂದು ನನ್ನ ಅಭಿಪ್ರಾಯ.

ಮರಿಯು ಮನೆಗೆ ಬರುವ ದಿನ ಹಗಲು ಹೊತ್ತಿನಲ್ಲಿಯೇ ತರಬೇಕು. ಸಂಜೆ ತಂದರೆ ಹೊಸ ಜಾಗವನ್ನು ಕಾಣುವ ಮುನ್ನವೇ ಕತ್ತಲೆಯಾಗಿ ಅದು ದಿಗಿಲುಬೀಳುತ್ತದೆ. ತಾಯಿಯು ಮಲಗುತ್ತಿದ್ದ ಹಳೆಯ ಕಂಬಳಿಯ ತುಂಡೊಂದನ್ನು ಜೊತೆಗೆ ತಂದು ಹಾಸಿದರೆ, ಆ ವಾಸನೆಗೆ ಮರಿಯು ಸಮಾಧಾನಗೊಳ್ಳುತ್ತದೆ. ಮೊದಲ ಮೂರು ನಾಲ್ಕು ರಾತ್ರಿ ಅದು ಅಳುವುದು ಸಹಜ. ಅತ್ತಿತೆಂದು ಹೊಡೆಯುವುದರಿಂದ ಅಂಜುಬುರುಕ ನಾಯಿಯು ತಯಾರಾಗುತ್ತದೆ, ಅಂಜುಬುರುಕ ನಾಯಿಯೇ ಹೆಚ್ಚಾಗಿ ಕಚ್ಚುವುದು. ಮನೆಯವರು ಮಲಗುವ ಪಡಸಾಲೆಯ ಒಂದು ಮೂಲೆಯಲ್ಲಿ ಅದಕ್ಕೆ ಜಾಗ ಕೊಟ್ಟರೆ ವಾರದೊಳಗೆ ಸರಿಹೋಗುತ್ತದೆ. ಆಹಾರವನ್ನು ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಎಮ್ಮೆಯ ಗಟ್ಟಿಹಾಲನ್ನು ಬಟ್ಟಲು ತುಂಬ ಕುಡಿಸುವ ಪ್ರೀತಿಯು ಮರಿಗೆ ಭೇದಿಯನ್ನು ತರುತ್ತದೆ. ಮೆತ್ತಗೆ ನೆನೆದ ಜೋಳದ ರೊಟ್ಟಿ, ಅನ್ನ, ಬೇಯಿಸಿದ ತತ್ತಿ, ಮೂಳೆ ತೆಗೆದ ಬೆಂದ ಮಾಂಸ ಇವು ಒಗ್ಗುತ್ತವೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿದ್ದ ಸಾರನ್ನು ಹಾಕಕೂಡದು. ಅವು ನಾಯಿಯ ರಕ್ತವನ್ನು ಕೆಡಿಸುತ್ತವೆ. ಕೊರಳಪಟ್ಟಿಯನ್ನು ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲಾಗಿ ಕಟ್ಟಿ, ಮರಿಯು ಬೆಳೆದಂತೆ ವಾರಕ್ಕೊಮ್ಮೆ ನೋಡುತ್ತಿರಬೇಕು. ಮರಿಯಿದ್ದಾಗ ಕಟ್ಟಿದ ಹಗ್ಗವು ಬೆಳೆದ ನಾಯಿಯ ಕೊರಳ ಚರ್ಮವನ್ನು ಕೊಯ್ದು ಹುಳುಬಿದ್ದ ಗಾಯವಾಗಿರುವುದನ್ನು ನಮ್ಮ ಹಳ್ಳಿಗಳಲ್ಲಿ ಎಷ್ಟು ಸಲ ಕಾಣುತ್ತೇವೆ! ಮೂರನೆಯ ವಾರದಿಂದ ಹದಿನಾಲ್ಕನೆಯ ವಾರದವರೆಗೆ ಮರಿಯು ಯಾರನ್ನು, ಏನನ್ನು ಪರಿಚಯ ಮಾಡಿಕೊಳ್ಳುವುದೋ ಅವುಗಳಿಗೆ ಜನ್ಮವಿಡೀ ಹೊಂದಿಕೊಂಡಿರುತ್ತದೆ. ಹಟ್ಟಿ ಕಾಯಬೇಕಾದ ಮರಿಯನ್ನು ಈ ಕಾಲದಲ್ಲಿಯೇ ಕುರಿಮರಿಗಳ ನಡುವೆ ಮಲಗಿಸುವುದು ಕುರಿಗಾರರ ಹಳೆಯ ಜಾಣತನ.

ಇನ್ನು ಜಂತುಹುಳುವಿನ ವಿಷಯ. ಇದು ನಮ್ಮ ಇಲಾಖೆಯ ಕೆಲಸಕ್ಕೂ ತಗಲುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಹಿಂಡಿನಲ್ಲಿ ಒಂದು ಕುರಿಯು ತಲೆಯನ್ನು ಒಂದು ಮಗ್ಗುಲಿಗೆ ವಾಲಿಸಿ, ಒಂದೇ ಕಡೆಗೆ ಗಿರಗಿರನೆ ಸುತ್ತಿ, ಕೊನೆಗೆ ಮೇವು ಬಿಟ್ಟು ಸಾಯುವುದನ್ನು ಅನೇಕರು ಕಂಡಿರಬಹುದು. ಗಾಳಿ ಸೋಕಿತೆಂದು ಯಂತ್ರ ಕಟ್ಟಿಸುವವರೂ ಉಂಟು. ಅದರ ನಿಜವಾದ ಕಾರಣಗಳಲ್ಲಿ ಮುಖ್ಯವಾದುದು ನಾಯಿಯ ಕರುಳಿನಲ್ಲಿರುವ ಒಂದು ಜಾತಿಯ ಲಾಡಿಹುಳು. ನಾಯಿಯ ಮಲದಲ್ಲಿ ಹೊರಬಿದ್ದ ಆ ಹುಳುವಿನ ತತ್ತಿಗಳು ಹುಲ್ಲಿನೊಡನೆ ಕುರಿಯ ಹೊಟ್ಟೆ ಸೇರಿ, ರಕ್ತದ ಮೂಲಕ ಮಿದುಳಿಗೆ ಏರಿ, ಅಲ್ಲಿ ನೀರುಗುಳ್ಳೆಯಾಗಿ ಬೆಳೆಯುತ್ತವೆ. ಆ ಕುರಿಯು ಸತ್ತಾಗ ತಲೆಯನ್ನು ಒಡೆದು ಹಟ್ಟಿಯ ನಾಯಿಗೆ ಎಸೆದರೆ ಚಕ್ರವು ಪೂರ್ಣವಾಯಿತು. ರೋಗವನ್ನು ನಮ್ಮ ಕೈಯಿಂದಲೇ ಬಿತ್ತಿದಂತಾಯಿತು. ಇದರಂತೆಯೇ ಕುರಿಯ ಯಕೃತ್ತಿನಲ್ಲಿಯೂ ಪುಪ್ಪುಸದಲ್ಲಿಯೂ ಕಾಣುವ ನೀರುಚೀಲಗಳಿಗೆ ಇನ್ನೊಂದು ಸಣ್ಣ ಲಾಡಿಹುಳು ಕಾರಣ. ಅದರ ತತ್ತಿಗಳು ಮನುಷ್ಯನ ಹೊಟ್ಟೆಯನ್ನು ಸೇರಿದರೆ ಅವನ ಯಕೃತ್ತಿನಲ್ಲಿಯೂ ಅಂಥವೇ ಚೀಲಗಳು ಬೆಳೆದು ಶಸ್ತ್ರಚಿಕಿತ್ಸೆಯವರೆಗೆ ಹೋಗುತ್ತದೆ. ಆದುದರಿಂದ ಸತ್ತ ಅಥವಾ ಕೊಯ್ದ ಕುರಿಯ ತಲೆ, ಯಕೃತ್ತು, ಪುಪ್ಪುಸಗಳನ್ನು ಹಸಿಯಾಗಿ ನಾಯಿಗೆ ಹಾಕದೆ ಆಳವಾಗಿ ಹೂಳಬೇಕು ಇಲ್ಲವೆ ಸುಡಬೇಕು. ದುಂಡುಹುಳುಗಳಾದರೋ ಮರಿಗೆ ತಾಯಿಯ ಗರ್ಭದಲ್ಲಿಯೇ ಅಂಟಿಕೊಳ್ಳುತ್ತವೆ. ಆದ್ದರಿಂದ ಎರಡು ವಾರದ ವಯಸ್ಸಿನಿಂದಲೇ ಎರಡು ವಾರಕ್ಕೊಮ್ಮೆ, ಹಾಲು ಬಿಟ್ಟ ಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಅನಂತರ ಮೂರು ತಿಂಗಳಿಗೊಮ್ಮೆ ಜಂತಿನ ಔಷಧವನ್ನು ಪಶುವೈದ್ಯರಿಂದ ತೂಕ ನೋಡಿಸಿ ಕೊಡಿಸತಕ್ಕದ್ದು. ಕುರಿಗಳೊಡನೆ ಇರುವ ನಾಯಿಗೆ ಲಾಡಿಹುಳುವಿಗೆ ನಾಟುವ ಪ್ರಾಜಿಕ್ವಾಂಟಲ್ ಎಂಬ ಔಷಧವು ಅದರಲ್ಲಿ ಸೇರಿರಬೇಕೆಂದು ಕೇಳಿ ತಿಳಿಯಬೇಕು. ಎರಡು ಗುಳಿಗೆಯ ಬೆಲೆಗೂ ಒಂದು ಕುರಿಯ ಬೆಲೆಗೂ ಇರುವ ಅಂತರವನ್ನು ಭೂಮಾಲೀಕರಿಗೆ ನಾನು ಲೆಕ್ಕ ಹಾಕಿ ತೋರಿಸಬೇಕಾಗಿಲ್ಲ.

ಹುಚ್ಚುನಾಯಿ ರೋಗದ ಮಾತಾದರೋ ಪ್ರಾಣದ ಮಾತು. ಚಿಹ್ನೆಗಳು ಕಂಡುಬಂದ ಮೇಲೆ ಈ ರೋಗದಿಂದ ಉಳಿಯುವವರು ಇಲ್ಲವೆಂದೇ ಹೇಳಬೇಕು. ಚಿಹ್ನೆ ಕಾಣುವ ಮುಂಚೆ ಚುಚ್ಚುಮದ್ದು ಕೊಟ್ಟರೆ ಸಾಯುವವರೂ ಬಹುಮಟ್ಟಿಗೆ ಇಲ್ಲ. ಫ್ರಾನ್ಸ್ ದೇಶದಲ್ಲಿ ಲೂಯಿ ಪಾಶ್ಚರ್ ಎಂಬ ಮಹನೀಯನು ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಬಾಲಕನೊಬ್ಬನಿಗೆ 1885ರ ಜುಲೈ ತಿಂಗಳಲ್ಲಿ ಮೊದಲ ಮದ್ದನ್ನು ಕೊಟ್ಟು ಬದುಕಿಸಿದನು. ಇಷ್ಟು ಕಾಲವಾದ ಮೇಲೂ ನಮ್ಮ ಊರುಗಳಲ್ಲಿ ಕಡಿತದ ಗಾಯಕ್ಕೆ ಖಾರದಪುಡಿ, ಸುಣ್ಣ ಮೆತ್ತುವುದು ನಿಂತಿಲ್ಲ. ಅದಕ್ಕಿಂತಲೂ ಅಪಾಯವಾದ ತಪ್ಪುಗ್ರಹಿಕೆ ಒಂದುಂಟು: ಮರಿಯ ಹಲ್ಲು ತಗಲಿದರೆ ಏನೂ ಆಗದೆಂಬುದು. ಚಿಕ್ಕ ಮರಿಗೂ ಈ ರೋಗವು ಬರುತ್ತದೆ, ಅದರ ಜೊಲ್ಲಿನಿಂದಲೂ ಮನುಷ್ಯನಿಗೆ ಅಂಟುತ್ತದೆ. ಬೀದಿಯಲ್ಲಿ ಸಿಕ್ಕ ಮರಿಯನ್ನು ಹುಡುಗರು ಎತ್ತಿ ತಂದು ಆಡಿಸುವಾಗ ಕೈಗೆ ತರಚಿದ ಗೀರನ್ನು ತಾಯಿತಂದೆಗಳಿಗೆ ಹೇಳುವುದೇ ಇಲ್ಲ. ಇಂಥ ಯಾವ ಗಾಯವಾದರೂ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಪೂರ್ತಿ 15 ನಿಮಿಷ ತೊಳೆದು, ಅದೇ ದಿನ ಸರಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ವೈದ್ಯರು ಹೇಳಿದ ದಿನಗಳಂದು ಎಲ್ಲ ಚುಚ್ಚುಮದ್ದುಗಳನ್ನೂ ಮುಗಿಸಬೇಕು. ಮರಿಗೆ ಮೂರು ತಿಂಗಳು ತುಂಬಿದೊಡನೆ ಈ ರೋಗದ ಲಸಿಕೆಯನ್ನು ಹಾಕಿಸಿ, ವೈದ್ಯರು ಹೇಳಿದಂತೆ ಮತ್ತೆ ಮತ್ತೆ ಹಾಕಿಸುತ್ತಿರಬೇಕು. ರಕ್ತಭೇದಿ ತರುವ ಪಾರ್ವೊ ರೋಗ, ಡಿಸ್ಟೆಂಪರ್ ಮೊದಲಾದುವುಗಳ ಲಸಿಕೆಗಳು ಅದಕ್ಕಿಂತ ಮುಂಚೆ, ಆರರಿಂದ ಎಂಟು ವಾರದ ವಯಸ್ಸಿನಲ್ಲಿಯೇ ಮೊದಲಾಗುತ್ತವೆ. ನಾಯಿಯಿಂದ ಮನುಷ್ಯನಿಗೆ ಬರುವ ಹುಚ್ಚುರೋಗವನ್ನು 2030ರೊಳಗೆ ತೊಲಗಿಸಬೇಕೆಂದು ಭಾರತ ಸರಕಾರವು 2021ರಲ್ಲಿ ರಾಷ್ಟ್ರೀಯ ಕಾರ್ಯಯೋಜನೆಯನ್ನು ಪ್ರಕಟಿಸಿದೆ. ದೆಹಲಿಯ ಕಾಗದವು ಊರಿನ ಹಟ್ಟಿಯವರೆಗೆ ಬರಬೇಕಾದರೆ ನಡುವೆ ಊರಿನ ಹಿರಿಯನ ಮಾತು ಬೇಕೇ ಬೇಕು.

ಈಗ ಛಾಯಾಚಿತ್ರಕ್ಕೆ ಬರೋಣ. ಲಸಿಕೆ ಹಾಕಿದ ವೈದ್ಯರು ಚೀಟಿ ಕೊಡುತ್ತಾರೆ. ಆ ಚೀಟಿಯಲ್ಲಿ “ಗಂಡು, ಕಂದುಬಣ್ಣ, ನಾಡತಳಿ” ಎಂದಿಷ್ಟೇ ಬರೆದಿದ್ದರೆ ಊರಿನ ಅರ್ಧ ನಾಯಿಗಳಿಗೆ ಅದು ಒಪ್ಪುತ್ತದೆ. ನಾಳೆ ಒಂದು ನಾಯಿ ಯಾರನ್ನೋ ಕಚ್ಚಿತೆನ್ನಿರಿ. ಚೀಟಿ ಈ ನಾಯಿಯದೇ ಎಂದು ಒಡೆಯನು, ಅಲ್ಲವೆಂದು ಕಚ್ಚಿಸಿಕೊಂಡವನ ಮನೆಯವರು ಗೌಡರ ಕಟ್ಟೆಗೆ ಬರುತ್ತಾರೆ. ಚೀಟಿಯೊಡನೆ ಸ್ಪಷ್ಟವಾದ ಪಟವೊಂದು ಅಂಟಿದ್ದರೆ ವಾದಕ್ಕೆ ಎಡೆಯಿಲ್ಲ. ಆದರೆ ಪಟವಿದೆಯೆಂದು ಮನುಷ್ಯನ ಚಿಕಿತ್ಸೆಯನ್ನು ಮಾತ್ರ ಒಂದು ದಿನವೂ ತಡೆಯಕೂಡದು. ಹಿಂಡಿನೊಡನೆ ದೂರ ಹೋದ ನಾಯಿಯು ತಪ್ಪಿಸಿಕೊಂಡಾಗ ಹುಡುಕಲೂ, ಚರ್ಮದ ರೋಗವನ್ನೋ ಕಾಲಿನ ಬಾವನ್ನೋ ಪಶುವೈದ್ಯರಿಗೆ ಫೋನಿನಲ್ಲಿ ತೋರಿಸಿ ಸಲಹೆ ಕೇಳಲೂ ಒಳ್ಳೆಯ ಚಿತ್ರವು ಬೇಕು. ಕೆಟ್ಟ ಚಿತ್ರವನ್ನು ನೋಡಿ ಯಾವ ವೈದ್ಯನು ಏನು ಹೇಳಿಯಾನು?

ಸಾಕಿದ ಪ್ರಾಣಿಯ ರೂಪವನ್ನು ಉಳಿಸಿಡುವ ಆಸೆಯು ಪಟ್ಟಣದ ಹೊಸ ಶೋಕಿಯೆಂದು ಹೀಗಳೆಯುವವರಿಗೆ ಎರಡು ಸಾಕ್ಷ್ಯಗಳನ್ನು ಹೇಳುತ್ತೇನೆ. ನಮ್ಮ ಲಿಂಗಸುಗೂರು ತಾಲೂಕಿನಲ್ಲಿಯೇ, ಮುದಗಲ್ಲಿನ ಹತ್ತಿರ ಪಿಕಳಿಹಾಳದ ಬಂಡೆಗಳ ಮೇಲೆ, ನವಶಿಲಾಯುಗದ ದನಗಾಹಿಗಳು ತಮ್ಮ ಗೂಳಿಗಳ ಚಿತ್ರಗಳನ್ನು ಕುಟ್ಟಿಯೂ ಬರೆದೂ ಇಟ್ಟಿದ್ದಾರೆ. ಇನ್ನೊಂದು ನಾಯಿಯದೇ ಆಗಿದೆ. ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತ, ಕ್ರಿಸ್ತಶಕ 949–50ರ ಶಾಸನಕಲ್ಲಿನಲ್ಲಿ ಕಾಳಿ ಎಂಬ ಬೇಟೆನಾಯಿಯ ಕಥೆಯುಂಟು. ಗಂಗರ ಬೂತುಗನು ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನಿಗೆ ಮೆಚ್ಚಿ ಏನು ಬೇಕೆಂದು ಕೇಳಲು, ಅವನು ಬೇಡಿಕೊಂಡದ್ದು ಆ ನಾಯಿಯನ್ನೇ. ನಾಯಿಯು ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಎರಡೂ ಸತ್ತುವು. ಮಣಲೆರನು ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಡಿಸಿದನು. ನಾಯಿಯೂ ಹಂದಿಯೂ ಸೆಣಸುವ ಚಿತ್ರವು ಆ ಕಲ್ಲಿನ ಮೇಲೆ ಇಂದಿಗೂ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅವನಿಗೆ ಕಲ್ಲುಕುಟಿಗನು ಬೇಕಾಗಿತ್ತು. ನಮಗೆ ಅಂಗಿಯ ಜೇಬಿನಲ್ಲಿರುವ ಮೊಬೈಲ್ ಫೋನೇ ಸಾಕು.

ಫೋನು ಸಾಕು ನಿಜ, ಆದರೆ ತೆಗೆಯುವ ಕ್ರಮವನ್ನು ತಿಳಿದಿರಬೇಕು. ಸಾಮಾನ್ಯವಾಗಿ ನಾವು ನಿಂತುಕೊಂಡೇ ಕೆಳಕ್ಕೆ ಫೋನು ಹಿಡಿದು ಒತ್ತುತ್ತೇವೆ. ಚಿತ್ರದಲ್ಲಿ ದೊಡ್ಡ ತಲೆ, ಸಣ್ಣ ಬಾಲ, ಇಲ್ಲದ ಕಾಲುಗಳು ಇಂಥ ಒಂದು ವಿಚಿತ್ರ ಪ್ರಾಣಿಯು ಮೂಡುತ್ತದೆ. ನೆಲದ ಮೇಲೆ ಕುಳಿತು, ಬೇಕಾದರೆ ಒರಗಿ, ಫೋನಿನ ಕಣ್ಣು ಮರಿಯ ಕಣ್ಣಿನ ಮಟ್ಟಕ್ಕೆ ಬರುವಂತೆ ಹಿಡಿಯಬೇಕು. ಧೋತರಕ್ಕೆ ಮಣ್ಣಾಗುವುದೆಂಬ ಸಂಕೋಚವುಳ್ಳವರು ಆ ಕೆಲಸವನ್ನು ಮನೆಯ ಹುಡುಗರಿಗೆ ಬಿಡುವುದು ಒಳ್ಳೆಯದು. ಅವರು ನಮಗಿಂತ ಚೆನ್ನಾಗಿಯೇ ತೆಗೆಯುತ್ತಾರೆ. ಫೋನಿನ ಗಾಜನ್ನು ಮೊದಲು ಮೆತ್ತನೆಯ ಬಟ್ಟೆಯಿಂದ ಒರಸಬೇಕು, ಏಕೆಂದರೆ ನಮ್ಮ ಯರೆಭೂಮಿಯ ಧೂಳೂ ಕೈಯ ಜಿಡ್ಡೂ ಸೇರಿ ಚಿತ್ರಕ್ಕೆ ಮಂಜು ಕವಿಸುತ್ತವೆ.

ಬೆಳಕು ಬಹು ಮುಖ್ಯ. ನಡುಹಗಲಿನ ಬಿಸಿಲಿನಲ್ಲಿ ಕಣ್ಣುಗಳು ಕುಳಿಬಿದ್ದಂತೆ ಕಪ್ಪಾಗುತ್ತವೆ, ಮರಿಯೂ ಕಣ್ಣು ಮುಚ್ಚುತ್ತದೆ. ಬೆಳಿಗ್ಗೆ ಹೊತ್ತು ಮೂಡಿದ ಮೇಲಿನ ಒಂದು ತಾಸು ಅಥವಾ ಸಂಜೆ ದನ ಮನೆಗೆ ಬರುವ ಹೊತ್ತು ಸೊಗಸಾದುದು. ಹಗಲಿನಲ್ಲಿ ತೆಗೆಯಲೇಬೇಕಾದರೆ ಬೇವಿನ ಮರದ ದಟ್ಟ ನೆರಳಿನಲ್ಲಿ, ಮರಿಯ ಮುಖವು ಬಯಲಿನ ಕಡೆಗೆ ಇರುವಂತೆ ನಿಲ್ಲಿಸಬೇಕು. ಫೋನಿನ ಮಿಂಚುದೀಪವನ್ನು ಹಾಕುವುದು ಬೇಡ. ಮರಿಯು ಬೆದರುತ್ತದೆ, ಕಣ್ಣುಗಳು ಚಿತ್ರದಲ್ಲಿ ಕೆಂಡದಂತೆಯೋ ಹಸಿರು ಗಾಜಿನಂತೆಯೋ ಹೊಳೆಯುತ್ತವೆ. ಕಪ್ಪು ಮರಿಯನ್ನು ಸುಣ್ಣದ ಗೋಡೆಯ ಮುಂದೆ ನಿಲ್ಲಿಸಿದರೆ ಗೋಡೆಯ ಬಿಳುಪಿಗೆ ಫೋನು ಮೋಸಹೋಗಿ ಮರಿಯು ಬರಿಯ ಮಸಿಯ ಮುದ್ದೆಯಾಗುತ್ತದೆ. ಮಣ್ಣಿನ ಗೋಡೆ, ಒಣಹುಲ್ಲಿನ ಬಣವೆ ಇವು ಕಪ್ಪು ಮರಿಗೂ ಬಿಳಿಯ ಮರಿಗೂ ಹೊಂದುವ ಹಿನ್ನೆಲೆ. ಫೋನಿನ ಪರದೆಯಲ್ಲಿ ಮರಿಯ ಕಣ್ಣಿನ ಮೇಲೆಯೇ ಬೆರಳಿಟ್ಟು ಮುಟ್ಟಿದರೆ ಬೆಳಕೂ ಸ್ಪಷ್ಟತೆಯೂ ಅಲ್ಲಿಗೆ ಹೊಂದಿಕೊಳ್ಳುತ್ತವೆ.

ಮರಿಯನ್ನು ಹಿಡಿದು ನಿಲ್ಲಿಸಿ ಚಿತ್ರ ತೆಗೆಯುವವರಿಗೆ ಎಂದೂ ಒಳ್ಳೆಯ ಚಿತ್ರ ಸಿಕ್ಕದು. ಆಡಿ ದಣಿದು, ತಿಂದು, ನಿದ್ದೆಗೆ ಮುಂಚೆ ಅದು ತಾನಾಗಿ ಕುಳಿತಿರುವಾಗ ತೆಗೆಯಬೇಕು. ಜೊತೆಯವರೊಬ್ಬರು ಫೋನಿನ ಮೇಲ್ಭಾಗದಲ್ಲಿ ರೊಟ್ಟಿಯ ಚೂರೊಂದನ್ನು ಹಿಡಿದು ಮೆಲ್ಲಗೆ ಸಿಳ್ಳು ಹಾಕಿದರೆ ಮರಿಯು ಕಿವಿ ನಿಮಿರಿಸಿ ನೋಡುವ ಆ ಗಳಿಗೆಯಲ್ಲಿ ಹತ್ತು ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು, ಒಳ್ಳೆಯದೊಂದನ್ನು ಇಟ್ಟುಕೊಂಡು ಉಳಿದುವನ್ನು ಅಳಿಸಬಹುದು. ಕೊರಳಿಗೆ ಚೆಂಡುಹೂವಿನ ಹಾರ, ತಲೆಗೆ ಟೊಪ್ಪಿಗೆ, ಕಣ್ಣಿಗೆ ಕನ್ನಡಕ ಇವೆಲ್ಲ ನಮ್ಮ ವಿನೋದವೇ ಹೊರತು ಅದರದಲ್ಲ. ಮರಿಯು ಮುಖ ತಿರುಗಿಸಿ ಪದೇ ಪದೇ ತುಟಿ ನೆಕ್ಕಿದರೆ, ನಿದ್ದೆಯಿಲ್ಲದೆ ಆಕಳಿಸಿದರೆ, ಬಾಲವನ್ನು ಕಾಲಸಂದಿಗೆ ಸೇರಿಸಿದರೆ ಅದಕ್ಕೆ ಬೇಸರವೂ ಭಯವೂ ಆಗಿದೆಯೆಂದು ತಿಳಿದು ಬಿಟ್ಟುಬಿಡತಕ್ಕದ್ದು.

ದಾಖಲೆಗಾಗಿ ಬೇಕಾದುವು ಬೇರೆ ಮೂರು: ಮುಖದ್ದೊಂದು, ನಾಲ್ಕು ಕಾಲೂ ಕಾಣುವಂತೆ ಮಗ್ಗುಲಿನಿಂದ ಒಂದು, ಎದೆಯ ಬಿಳಿಯ ಮಚ್ಚೆ, ಕಿವಿಯ ಸೀಳು ಮುಂತಾದ ಗುರುತಿನದೊಂದು. ಮರಿಯ ರೂಪವು ಬೇಗ ಬದಲಾಗುವುದರಿಂದ ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ ಈ ವಯಸ್ಸುಗಳಲ್ಲಿ ಇವನ್ನು ಮತ್ತೆ ತೆಗೆಯಬೇಕಾಗುತ್ತದೆ.

ಗೌಡರಲ್ಲಿಯೂ ಪಂಚಾಯತಿಯ ಅಧ್ಯಕ್ಷರಲ್ಲಿಯೂ ನನ್ನ ಪ್ರಾರ್ಥನೆಯು ಇಷ್ಟು. ಊರಿನ ಸಾಕುನಾಯಿಗಳಿಗಾಗಿ ಒಂದು ಪುಸ್ತಕವನ್ನು ತೆರೆಯಿಸಿರಿ. ಒಂದು ನಾಯಿಗೆ ಒಂದು ಪುಟ. ಅದರಲ್ಲಿ ಪಟ, ಒಡೆಯನ ಮನೆ, ಜಂತಿನ ಔಷಧದ ದಿನಾಂಕ, ಲಸಿಕೆಯ ದಿನಾಂಕ. ಬೇಡದ ಮರಿಗಳನ್ನು ಊರ ಹೊರಗಿನ ಹಳ್ಳದಲ್ಲಿ ಬಿಟ್ಟುಬರುವ ನಿರ್ದಯೆಗೆ ಬದಲಾಗಿ, ಹೆಣ್ಣುನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸುವ ಏರ್ಪಾಡನ್ನು ಪಶುವೈದ್ಯರೊಡನೆ ಮಾತನಾಡಿ ಗೊತ್ತುಮಾಡಿರಿ. ವರ್ಷಕ್ಕೊಂದು ದಿನ, ಸೆಪ್ಟೆಂಬರ್ 28ರ ಸುಮಾರಿನಲ್ಲಿ, ಅಂದರೆ ವಿಶ್ವ ರೇಬೀಸ್ ದಿನದಲ್ಲಿ, ಎಲ್ಲರೂ ನಾಯಿಗಳನ್ನು ಚಾವಡಿಯ ಮುಂದೆ ತರುವಂತೆ ಡಂಗುರ ಹೊಡೆಯಿಸಿರಿ. ಶಾಲೆಯ ಹುಡುಗರು ಅಂದು ಫೋನು ಹಿಡಿದು ಪಟ ತೆಗೆಯಲಿ, ಪುಟಗಳನ್ನು ಬರೆಯಲಿ. ಮೊದಲನೆಯ ಪುಟದಲ್ಲಿ ಗೌಡರ ಮನೆಯ ನಾಯಿಯೇ ಇದ್ದರೆ ಉಳಿದವರನ್ನು ಕರೆಯುವ ಕಷ್ಟವು ಅರ್ಧ ತಪ್ಪುತ್ತದೆ. ಹಿಂಡಿನೊಡನೆ ಹೊರಸೀಮೆಗೆ ಹೋಗಿರುವ ನಾಯಿಗಳಿಗೆ ಮಾತ್ರ ಆ ದಿನವು ಒದಗದು. ಅವುಗಳಿಗೆ ಕುರಿಗಾರರು ಊರಿಗೆ ಮರಳಿದ ವಾರದಲ್ಲಿಯೇ ಬೇರೊಂದು ದಿನವನ್ನು ಪಶುವೈದ್ಯರಿಂದ ಮುಂಚಿತವಾಗಿ ಗೊತ್ತುಮಾಡಿಕೊಂಡಿರಬೇಕು.